ವೋರೊನ ಭಾನುವಾರದ ಅತಿಥಿಗಳು

ವಾಲೆನ್ಸಿಯಾದಲ್ಲಿ ಪಾಯೆಯಾ ಎಂಬ ಬಾಣಲೆಯ ಅನ್ನ ಮಾಡಲು ಬಾರದ ಗಂಡಸಿಲ್ಲ. ಪಕ್ಕದ ಮನೆಯವನು ಮಾಡಿದ ಪಾಯೆಯಾವನ್ನು ಮೆಚ್ಚಿದ ಗಂಡಸೂ ಇಲ್ಲ. ಇಂಥ ಊರಿನಲ್ಲಿ, ಸಮುದ್ರದ ಪಕ್ಕದ ನಮ್ಮ ಕಬನ್ಯಾಲ್ ಕೇರಿಯವರು ಬಾಯಿಬಿಟ್ಟು ಹೊಗಳಿದ್ದು ವೋರೊನ ಕೈರುಚಿಯೊಂದನ್ನೇ. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಆಸಾಮಿ. ಮಾತು ಒರಟು, ಮೂಗಿನ ತುದಿಯಲ್ಲೇ ಕೋಪ. ಪಾಯೆಯಾಕ್ಕೆ ಈರುಳ್ಳಿ ಹಾಕುವವರ ಜೊತೆ ಮಾತು ಬಿಡುತ್ತಿದ್ದ. ಹಾಗೆ ಮಾತು ಬಿಟ್ಟವರಲ್ಲಿ ಅವನ ಸ್ವಂತ ಅಣ್ಣನೂ ಒಬ್ಬ.

ಹೆಂಡತಿ ಎಂಕಾರ್ನಾ ತೀರಿಕೊಂಡ ಮೇಲೆ ವೋರೊ ಬಾಣಲೆಯನ್ನು ತೊಳೆದು ಗೋಡೆಗೆ ನೇತುಹಾಕಿಬಿಟ್ಟ. ಒಬ್ಬನೇ ತಿನ್ನುವುದಕ್ಕೆ ಯಾರಾದರೂ ಪಾಯೆಯಾ ಮಾಡುತ್ತಾರೆಯೇ? ಅಗಲವಾದ ಆ ಬಾಣಲೆಯ ಸುತ್ತ ಐದಾರು ಜನ ಕೂರಬೇಕು. ತಟ್ಟೆ ಇಲ್ಲ. ಪ್ರತಿಯೊಬ್ಬರೂ ತಮ್ಮ ಎದುರಿನ ಅನ್ನವನ್ನು ಅಂಚಿನಿಂದ ನಡುವಿನವರೆಗೆ ತ್ರಿಕೋನವಾಗಿ ಚಮಚದಲ್ಲಿ ಕೊರೆಯುತ್ತ ತಿನ್ನಬೇಕು. ಪಕ್ಕದವರ ಗಡಿಯೊಳಗೆ ಚಮಚ ಹಾಕಿದವನ ಮಾನವನ್ನು ಅಲ್ಲೇ ಹರಾಜು ಹಾಕುತ್ತಾರೆ. ಎರಡು ವರ್ಷ ವೋರೊ ಬ್ರೆಡ್ಡು, ಡಬ್ಬಿಯ ಮೀನು ತಿಂದುಕೊಂಡು ಮೂಲೆ ಹಿಡಿದು ಕೂತ.

ಅವನನ್ನು ಎಬ್ಬಿಸಿದವನು ಎಂಕಾರ್ನಾಳ ತಮ್ಮ ಚೀಮೊ. ಜರ್ಮನಿಯ ಹೋಟೆಲುಗಳಲ್ಲಿ ಬಹುಕಾಲ ದುಡಿದು ಬಂದವನು. ನಾಲ್ಕು ಭಾಷೆ ಬಲ್ಲ, ನಾಲ್ಕರಲ್ಲೂ ಬೆಣ್ಣೆಯಂಥ ಮಾತು. ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲಿ ಮೊಲದ ಮಾಂಸ, ಬಗಲಲ್ಲಿ ಅಕ್ಕಿ, ಬೆನ್ನ ಹಿಂದೆ ಮೂವರು ಅಪರಿಚಿತರನ್ನು ಇಟ್ಟುಕೊಂಡು ಬಾಗಿಲಲ್ಲಿ ನಿಂತ.

"ಭಾವ, ನನ್ನ ಹಳೇ ಸ್ನೇಹಿತರು. ನಮ್ಮೂರು ನೋಡ್ಬೇಕು ಅಂತ ಅಷ್ಟು ದೂರದಿಂದ ಬಂದಿದಾರೆ. ಬೀಚಿನ ಹೋಟ್ಲಲ್ಲಿ ಬಣ್ಣ ಹಾಕಿದ ಅನ್ನ ತಿನ್ಸಿ ಕಳ್ಸೋದಾ? ಅಕ್ಕ ಇದ್ದಿದ್ರೆ ಸುಮ್ನೆ ಬಿಡ್ತಿದ್ಲಾ?"

ಅಕ್ಕನ ಹೆಸರು ಕೇಳಿದ ಮೇಲೆ ವೋರೊ ಏನು ತಾನೇ ಹೇಳಿಯಾನು? ಗೊಣಗುತ್ತಲೇ ಬಾಣಲೆ ಇಳಿಸಿದ. ಹಿತ್ತಿಲಲ್ಲಿ ಕಿತ್ತಳೆ ಮರದ ಸೌದೆ ಉರಿಯಿತು.

ಅಲ್ಲಿಂದ ಭಾನುವಾರ ತಪ್ಪದೆ ಚೀಮೊನ ಸ್ನೇಹಿತರು ಬಂದರು. ಒಬ್ಬಿಬ್ಬರನ್ನು ಬಿಟ್ಟರೆ ಪ್ರತಿ ಸಲವೂ ಬೇರೆ ಮುಖಗಳು. ಇವನಿಗೆ ಇಷ್ಟೊಂದು ಜನ ಸ್ನೇಹಿತರೇ ಎಂದು ವೋರೊನಿಗೆ ಬೆರಗು, ಒಳಗೊಳಗೇ ಹೆಮ್ಮೆ. ಬಂದವರು ಬೆಂಕಿಯ ಫೋಟೊ ತೆಗೆಯುತ್ತಿದ್ದರು, ತಳಕ್ಕೆ ಹತ್ತಿದ ಕೆಂಪು ಅನ್ನವನ್ನು ಕೆರೆದು ತಿಂದು ಕಣ್ಣರಳಿಸುತ್ತಿದ್ದರು. ಊಟವಾದ ಮೇಲೆ ಬಣ್ಣದ ಬಿಲ್ಲೆ ಅಂಟಿಸಿದ ನಮ್ಮ ಮನೆಗೋಡೆಗಳನ್ನು ತೋರಿಸಲು ಚೀಮೊ ಅವರನ್ನು ಕರೆದೊಯ್ಯುತ್ತಿದ್ದ. ಒಂದೇ ಒಂದು ವಿಷಯ ವೋರೊನಿಗೆ ವಿಚಿತ್ರವೆನಿಸಿತ್ತು. ಊಟಕ್ಕೆ ಕರೆದರೆ ಸಿಹಿಯ ಪೊಟ್ಟಣವನ್ನೋ ಒಂದು ಕರಬೂಜವನ್ನೋ ಹಿಡಿದು ಬರುವುದು ನಮ್ಮಲ್ಲಿ ಕಡುಬಡವನಿಗೂ ಗೊತ್ತು. ಇವರೆಲ್ಲ ಕೈಬೀಸಿಕೊಂಡು ಬರುತ್ತಿದ್ದರು. ಪಾಪ, ಅವರ ಕಡೆ ಪದ್ಧತಿ ಇರಲಿಕ್ಕಿಲ್ಲ ಎಂದು ಅವರ ಪರವಾಗಿ ಅವನೇ ತನಗೆ ಸಮಾಧಾನ ಹೇಳಿಕೊಂಡ.

ಊಟದ ನಡುವೆ ಅವನು ಎಂಕಾರ್ನಾಳ ಕಥೆ ಹೇಳುತ್ತಿದ್ದ, ಚೀಮೊ ಅದನ್ನು ಅವರ ಭಾಷೆಗೆ ತಿರುಗಿಸುತ್ತಿದ್ದ. ಫಾಯಾಸ್ ಹಬ್ಬದಲ್ಲಿ ಬೀದಿಯ ದೊಡ್ಡ ಬೊಂಬೆಗಳಿಗೆ ಬೆಂಕಿ ಇಟ್ಟಾಗ ಹೊಗೆ ಮುಸುಕಿ, ಆ ನೂಕುನುಗ್ಗಲಿನಲ್ಲಿ ಒಬ್ಬ ಹುಡುಗಿ ತಮ್ಮನ ಕೈಯೆಂದುಕೊಂಡು ಇವನ ಕೈ ಹಿಡಿದಿದ್ದಳು. ಹೊಗೆ ತಿಳಿಯಾಗಿ ಮುಖ ಕಂಡ ಮೇಲೂ ಬಿಡಲಿಲ್ಲ. ಕಥೆಯೆಂದರೆ ಅಷ್ಟೇ. ಅಷ್ಟಕ್ಕೇ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ವೋರೊನ ಎದೆ ಹಗುರಾಗುತ್ತಿತ್ತು. ಅಳುತ್ತ ಕೂತ ಒಬ್ಬ ಹುಡುಗಿಗೆ ಎಂಕಾರ್ನಾಳ ಬೀಸಣಿಗೆಯನ್ನೇ ಕೊಟ್ಟು ಕಳಿಸಿದ್ದ. ಬಾಣಲೆಯಲ್ಲಿ ಬಾಗಿಲ ಕಡೆಯ ಒಂದು ಪಾಲನ್ನು ಅವನು ಯಾವತ್ತೂ ಮುಟ್ಟಗೊಡುತ್ತಿರಲಿಲ್ಲ, ಅದು ಅವಳದು.

ಬೇಸಿಗೆಯ ಒಂದು ಭಾನುವಾರ ನಾಲ್ವರು ಬಂದರು. ಅವರಲ್ಲಿ ಒಬ್ಬಾಕೆ ಅರ್ಜೆಂಟೀನಾದವಳು, ಸ್ಪ್ಯಾನಿಷ್ ಬಲ್ಲವಳು. ಬ್ರೆಡ್ಡು ಸಾಲದೆಂದು ಚೀಮೊ ಅಂಗಡಿಗೆ ಓಡಿದ್ದಾಗ ಅವಳ ಗಂಡ, ದಪ್ಪನೆಯ ಮನುಷ್ಯ, ತನ್ನ ಪಾಲು ಮುಗಿಸಿ ಎಂಕಾರ್ನಾಳ ಪಾಲಿಗೆ ಚಮಚ ಹಾಕಿದ. ವೋರೊ ತನ್ನ ಚಮಚದಿಂದ ಅವನ ಚಮಚಕ್ಕೆ ಟಣ್ ಎಂದು ಬಡಿದ.

"ಏಯ್ ದೊರೆ, ಅದು ನಿನ್ನ ಸೀಮೆ ಅಲ್ಲ. ಚಮಚ ಹಿಂದಕ್ಕೆ ತಗೋ."

ಆ ಮನುಷ್ಯ ಕೆಂಪಾಗಿ ಹೆಂಡತಿಗೆ ಏನೋ ಅಂದ. ಅವಳು ಮುಜುಗರದಿಂದ ತಿರುಗಿದಳು.

"ತಪ್ಪು ತಿಳ್ಕೋಬೇಡಿ ಅಜ್ಜ. ನಾವು ಐದು ಜನಕ್ಕೆ ದುಡ್ಡು ಕಟ್ಟಿದ್ವಿ, ಒಬ್ರು ಬರ್ಲಿಲ್ಲ. ಹಾಗಾಗಿ ಆ ಪಾಲೂ ನಮ್ದೇ ಅಲ್ವಾ ಅಂತಿದಾರೆ."

"ದುಡ್ಡಾ? ಯಾರಿಗೆ ಕಟ್ಟಿದ್ರಮ್ಮ?"

"ಚೀಮೊ ಅವ್ರಿಗೆ. ಊಟ, ಬೀಚು, ಹಳೇ ಮನೆಗಳು, ಮತ್ತೆ ಅಜ್ಜ ಹೇಳೋ ಹೆಂಡ್ತಿ ಕಥೆ, ಎಲ್ಲಾ ಸೇರಿಸಿ. ಕಥೆ ತುಂಬಾ ಚೆನ್ನಾಗಿರುತ್ತೆ, ಅಳು ಬರುತ್ತೆ ಅಂತ ನಮಗಿಂತ ಮುಂಚೆ ಬಂದೋರು ಬರೆದಿದ್ರು. ಯಾವಾಗ ಹೇಳ್ತೀರಾ?"

ಚಮಚ ಹಿಡಿದು ತನ್ನ ಬಾಣಲೆಯ ಮುಂದೆ ಕೂತವರನ್ನು ಗದರಿ ಎಬ್ಬಿಸುವುದು ವೋರೊನ ರಕ್ತದಲ್ಲಿರಲಿಲ್ಲ. ಎಂಕಾರ್ನಾಳ ಪಾಲನ್ನು ಆ ದಪ್ಪ ಮನುಷ್ಯ ತಿಂದು ಮುಗಿಸುವುದನ್ನು ನೋಡುತ್ತ ಕೂತ. ಕಥೆ ಹೇಳಲಿಲ್ಲ. ಅವರು ನಿರಾಶೆಯಿಂದಲೇ ಎದ್ದು ಹೋದರು.

ಅವರನ್ನು ಬೀದಿಯ ತಿರುವಿನವರೆಗೆ ಬಿಟ್ಟು ಚೀಮೊ ಮರಳಿದಾಗ ವೋರೊ ಹಿತ್ತಿಲಲ್ಲೇ ನಿಂತಿದ್ದ.

"ಲೋ, ದುಡ್ಡು ತಗೊಂಡ್ಯಾ?"

"ಯಾರು ಹೇಳಿದ್ದು ನಿಂಗೆ?"

"ತಗೊಂಡ್ಯೋ ಇಲ್ವೋ ಅಷ್ಟು ಹೇಳು."

ಚೀಮೊ ಕುರ್ಚಿ ಎಳೆದುಕೊಂಡು ಕೂತ. "ಮೊಲ, ಅಕ್ಕಿ, ಎಣ್ಣೆ ಎಲ್ಲಾ ಮರದಲ್ಲಿ ಬಿಡ್ತವಾ ಭಾವ? ಮೂಲೇಲಿ ಕೂತು ಕೊಳೀತಿದ್ದೆ. ಎಬ್ಬಿಸಿ ಕೂರ್ಸಿದ್ದು ಯಾರು? ನಗೋ ಹಾಗೆ ಮಾಡಿದ್ದು ಯಾರು? ನಿಂಗೇನು ನಷ್ಟ ಆಯ್ತು ಹೇಳು."

"ನನ್ನ ನೋಡೋಕೆ ಬರ್ತಾರೆ ಅಂದ್ಕೊಂಡಿದ್ದೆ ಕಣೋ."

"ನಿನ್ನ ನೋಡೋಕೇ ಬರ್ತಿದ್ರು. ಟಿಕೆಟ್ ತಗೊಂಡು ಬರ್ತಿದ್ರು, ಅಷ್ಟೇ."

"ಒಬ್ರಾದ್ರೂ ಸುಮ್ನೆ ಬಂದಿದ್ರಾ? ಬೀಸಣಿಗೆ ತಗೊಂಡು ಹೋದ ಆ ಹುಡುಗಿ? ಅಷ್ಟು ಅತ್ಲಲ್ಲೋ ಅವಳು."

"ಅವಳು ಎರಡು ಸಲ ಬಂದಿದ್ಲು ಭಾವ. ಎರಡನೇ ಸಲ ಕಮ್ಮಿ ತಗೊಂಡೆ."

ವೋರೊ ಬಾಗಿಲು ತೋರಿಸಿದ. ಬಾಯಿಗೆ ಬಂದದ್ದನ್ನೆಲ್ಲ ಅಂದ. ಒಡಹುಟ್ಟಿದವಳನ್ನೇ ಚೂರು ಚೂರು ಮಾಡಿ ಮಾರಿದವನು ಎಂದ. ಚೀಮೊ ಎದ್ದು ಹೋದ.

ಆ ವಾರವೆಲ್ಲ ಸಿಟ್ಟು ಕುದಿಯಿತು. ಆಮೇಲೆ ಒಂಟಿತನ ಬಂತು. ಬಾಗಿಲು ತಟ್ಟುವವರಿಲ್ಲದೆ ಮನೆ ಬಿಕೋ ಎನ್ನತೊಡಗಿದಾಗ, ಬೈದದ್ದು ಹೆಚ್ಚಾಯಿತೇನೋ ಎಂದೂ ಅನ್ನಿಸಿತು. ಏನೇ ಆಗಲಿ ಎಂಕಾರ್ನಾಳ ರಕ್ತ, ಊರಿನಲ್ಲಿ ತನ್ನೊಡನೆ ಮಾತು ಉಳಿದಿದ್ದ ಏಕೈಕ ನೆಂಟ. ಭಾನುವಾರ ಚೀಮೊನ ಮನೆಯ ಕಡೆಯಿಂದ ಕಿತ್ತಳೆ ಸೌದೆಯ ಹೊಗೆ ಬಂದಾಗ, ತನಗಾಗಿ ಅಡುಗೆ ಮಾಡಿ ಅವನು ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡ. ಕರೆಯಲು ಬರುತ್ತಾನೆಂದು ತಲೆ ಬಾಚಿ, ಶರ್ಟು ಬದಲಿಸಿ ಕಾದ. ಬರಲಿಲ್ಲ. ನಾಚಿಕೆ ಬಿಟ್ಟು ತಾನೇ ಹೊರಟ.

ಚೀಮೊನ ಹಿತ್ತಿಲ ಬಾಗಿಲು ತೆರೆದೇ ಇತ್ತು. ಬಾಣಲೆಯ ಸುತ್ತ ಆರು ಜನ ಪರದೇಶಿಗಳು. ಮನೆಯ ಯಜಮಾನನ ಜಾಗದಲ್ಲಿ ಕೂತಿದ್ದವನು ಬಟಿಸ್ಟೆ, ನಮ್ಮ ಕೇರಿಯ ನಿವೃತ್ತ ಕ್ಷೌರಿಕ. ಅವನ ಹೆಂಡತಿ ಗಟ್ಟಿಮುಟ್ಟಾಗಿದ್ದಾಳೆ. ದಿನಾ ಬೆಳಿಗ್ಗೆ ಮೀನಿನ ಮಾರುಕಟ್ಟೆಯಲ್ಲಿ ಅವಳ ಗಂಟಲು ಕೇಳಿದರೇ ಮಾರುವವರು ದರ ಇಳಿಸುತ್ತಾರೆ. ಅಂಥವನು ಬೊಗಸೆಯಲ್ಲಿ ಗಾಳಿಯನ್ನು ಹಿಡಿದು ತೋರಿಸುತ್ತ, ಒದ್ದೆ ಕಣ್ಣಿನಲ್ಲಿ ಹೇಳುತ್ತಿದ್ದ:

"ಹೊಗೆ ತಿಳಿಯಾಯ್ತು. ನನ್ನ ಎಂಕಾರ್ನಾ ನನ್ನ ಮುಖ ನೋಡಿದ್ಲು. ಆದ್ರೂ ಕೈ ಬಿಡ್ಲಿಲ್ಲ."

ಪಕ್ಕದಲ್ಲಿ ಚೀಮೊ ಅದನ್ನು ಭಾಷೆಯಿಂದ ಭಾಷೆಗೆ ಸಲೀಸಾಗಿ ತಿರುಗಿಸುತ್ತಿದ್ದ. ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು.

ವೋರೊ ಮೊದಲು ಬಟಿಸ್ಟೆಯ ಕಣ್ಣಿಗೆ ಬಿದ್ದ. ಬಟಿಸ್ಟೆ ಬೊಗಸೆ ಇಳಿಸಿದ. ಅತಿಥಿಗಳೂ ತಿರುಗಿ ನೋಡಿದರು. ಯಾರು ಇವರು ಎಂದು ಒಬ್ಬ ಕೇಳಿರಬೇಕು. ಚೀಮೊ ಮುಖ ತಿರುಗಿಸದೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ, ಅವರು ತಲೆದೂಗಿದರು.

"ಅವಳು ನನ್ನ ಹೆಂಡ್ತಿ," ಎಂದ ವೋರೊ ಆ ಅತಿಥಿಗಳಿಗೆ, ಎದೆಗೆ ಕೈ ಇಟ್ಟುಕೊಂಡು. "ಇವನು ಸುಳ್ಳ. ಅವಳು ಹಿಡಿದಿದ್ದು ನನ್ನ ಕೈ. ನಾನು ವೋರೊ."

ಅವರು ಅರ್ಥವಾಗದೆ ಚೀಮೊನತ್ತ ನೋಡಿದರು. ಚೀಮೊ ಒಂದು ಗಳಿಗೆ ಭಾವನ ಮುಖ ನೋಡಿದ. ಆಮೇಲೆ ಅತಿಥಿಗಳ ಕಡೆ ತಿರುಗಿ, ಎಂದಿನ ಬೆಣ್ಣೆ ದನಿಯಲ್ಲಿ ಎರಡು ವಾಕ್ಯ ಹೇಳಿದ. ಅವರ ಮುಖಗಳು ಅರಳಿದವು. ಆರೂ ಜನ ವೈನಿನ ಲೋಟ ಎತ್ತಿ, ವೋರೊನತ್ತ ನಗುತ್ತ, ಅವನ ಆರೋಗ್ಯಕ್ಕೆಂದು ಕುಡಿದರು.

ಇಷ್ಟು ದಿನ ತನ್ನ ಹಿತ್ತಿಲಲ್ಲಿ ಕೂತವರಿಗೂ ತನ್ನ ಮಾತನ್ನು ತಿರುಗಿಸುವಾಗ ಎಂಕಾರ್ನಾಳ ಬಗ್ಗೆ ಚೀಮೊ ಏನೇನು ಹೇಳಿದ್ದನೋ, ವೋರೊನಿಗೆ ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.