ತಾತ ಗೀಟು ಹಾಕಿದ ಚೀಟಿ

ಮೊನ್ನೆ ಅವ್ವನ ಕಣ್ಣಿನ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ಸಕ್ಕರೆ ಕಾಯಿಲೆ ಎಂಬುದರ ಮುಂದೆ ಇಂಗ್ಲಿಷಿನಲ್ಲಿ ಯೆಸ್/ನೋ, ನಡುವೆ ಓರೆಯಾದ ಒಂದು ಸಣ್ಣ ಗೆರೆ. ನನ್ನ ಪೆನ್ನು ಅಲ್ಲೇ ನಿಂತಿತು.

"ಬ್ಯಾಡಾದ್ದು ಹೊಡೆದಾಕಿ ಮೇಡಂ, ಅಷ್ಟೇ," ಎಂದಳು ನರ್ಸ್.

ನಾನು ಹೊಡೆಯಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ 'ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ' ಎಂದು ಪೂರ್ತಿ ಬರೆದೆ. ಆ ಗೆರೆ ಕಂಡಾಗಲೆಲ್ಲ ನನಗೆ ಯಂತ್ರದೊಳಗಿನ ಒಂದು ಬಲಗೈ ಕಾಣುತ್ತದೆ. ಆಮೇಲೆ ತಾತ…

ತಾತ ನನಗೆ ಸಂಬಂಧಿಯಲ್ಲ. ಬಿ.ಕಾಂ. ಮುಗಿಸಿ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಆಫೀಸಿಗೆ ಸೇರಿದಾಗ ಅಲ್ಲಿ ಸ್ವಿಚ್ ಬೋರ್ಡು ನೋಡಿಕೊಳ್ಳುತ್ತಿದ್ದವರು. ಮೊಳಕಾಲ್ಮೂರಿನ ನೇಕಾರರು, ಮನೆಮಾತು ತೆಲುಗು. ಮೊಣಕಾಲು ನೋವಿಗೆ ಮಗ್ಗ ಬಿಟ್ಟಿದ್ದರೂ ಸೀರೆ ಅಂಚಿನ ಡಿಜೈನು ಬರೆಯುವುದನ್ನು ಬಿಟ್ಟಿರಲಿಲ್ಲ. ಊಟವಾದ ಮೇಲೆ ಶೇಂಗಾ ಚೀಲಕ್ಕೆ ಒರಗಿ, ಗ್ರಾಫ್ ಹಾಳೆಯ ಚೌಕಗಳಲ್ಲಿ ಪೆನ್ಸಿಲಿನಿಂದ ಓರೆ ಗೀಟು ಎಳೆಯುತ್ತ ಕೂರುತ್ತಿದ್ದರು.

"ತಾತಾ, ನಿನ್ನ ಮಗ್ಗಕ್ಕಿಂತ ನಮ್ಮ ಮಿಷಿನ್ ಜೋರೈತೆ," ಎಂದು ಯಂತ್ರ ರಿಪೇರಿಯ ಫಿಟ್ಟರ್ ಕೆಣಕುತ್ತಿದ್ದ.

"ಲೇ, ನನ್ನ ಮಗ್ಗ ಸೀರೆ ಕೊಡ್ತಿತ್ತು. ನಿಂದು ಬರೀ ಹಿಂಡಿ ಕೊಡ್ತೈತೆ."

ಯಂತ್ರ ನಿಂತಾಗಲೆಲ್ಲ ಬೋರ್ಡಿನ ಕೋಣೆಯಲ್ಲಿರುವ ಅದರ ಮೇನ್ ಸ್ವಿಚ್ಚು ಹೇಗಿದೆಯೆಂದು ಒಂದು ಚೀಟಿಯಲ್ಲಿ ಗುರುತು ಹಾಕಿ ಯಂತ್ರದ ಪಕ್ಕದ ಮೊಳೆಗೆ ಚುಚ್ಚಬೇಕೆಂದು ಯಜಮಾನರು ನಿಯಮ ಮಾಡಿದರು. ಚೀಟಿ ತಯಾರಿಸಿದವಳು ನಾನು. ಆನ್/ಆಫ್ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದೆ. ಎರಡರಲ್ಲಿ ಒಂದು ಎನ್ನಲು ನಡುವೆ ಆ ಸ್ಲ್ಯಾಶ್ ಸಾಕು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಜಾಗ ಉಳಿಯುತ್ತದೆ, ಅಚ್ಚುಕಟ್ಟಾಗಿಯೂ ಕಾಣುತ್ತದೆ. ಅಲ್ಲದ್ದನ್ನು ಹೊಡೆಯಬೇಕು ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಅದೂ ಹೇಳುವ ಮಾತೇ? ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಶೇಂಗಾ ಒಯ್ಯುವ ಕಬ್ಬಿಣದ ಸ್ಕ್ರೂ ಅರ್ಧಕ್ಕೆ ನಿಂತು, ಅದರಲ್ಲಿ ಗೋಣಿಯ ತುಂಡೊಂದು ಸಿಕ್ಕಿಕೊಂಡಿತ್ತು. ಅದರದು ಹಳೆಯ ಸ್ವಿಚ್ಚು. ಇಳಿಸದಿದ್ದರೆ ಕರೆಂಟು ಬಂದ ಕೂಡಲೇ ತಾನೇ ತಿರುಗುವಂಥದ್ದು. ತಾತ ಚೀಟಿ ಚುಚ್ಚಿ ನೀರು ಕುಡಿಯಲು ಹೊರಗೆ ಹೋಗಿದ್ದರು. ನಾನು ಲೆಡ್ಜರ್ ಹಿಡಿದು ಆ ದಾರಿಯಲ್ಲೇ ಬರುತ್ತಿದ್ದೆ.

"ಅಕ್ಕಾ, ಚೀಟಿ ಏನಂತೈತೆ ನೋಡ್ರಿ," ಎಂದ ಫಿಟ್ಟರ್.

ಆನ್ ಎಂಬುದರ ಮೇಲೆ ಗೀಟು ಬಿದ್ದಿತ್ತು. ಅಂದರೆ ಉಳಿದದ್ದು ಆಫ್.

"ಆಫ್ ಐತೆ, ಕೈ ಹಾಕು," ಎಂದೆ.

ಅವನು ಮೊಣಕೈವರೆಗೂ ಹಾಕಿದ. ಗೋಣಿ ಎಳೆಯುತ್ತಾ ಏನೋ ಹಾಡು ಗುನುಗುತ್ತಿದ್ದ… ಬಾಗಿಲಲ್ಲಿ ತಾತ ಕಂಡರು. ಚೊಂಬು ಬಿದ್ದ ಸದ್ದಾಯಿತು. "ಚೆಯ್ಯಿ ತೀಯ್! ಕೈ ತೆಗಿಯೋ ಲೇ!" ಎಂದು ಕೂಗುತ್ತ, ಆ ನೋವಿನ ಕಾಲಲ್ಲೇ ಓಡಿ ಬಂದು, ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ಶೇಂಗಾ ಸಿಪ್ಪೆಯ ಮೇಲೆ ಬಿದ್ದರು. ಅವರು ಏಳುವ ಮೊದಲೇ ದೀಪ ಬಂತು. ಸ್ಕ್ರೂ ತಿರುಗಿ ಗೋಣಿಯನ್ನು ಚಿಂದಿ ಮಾಡಿ ಒಳಕ್ಕೆ ಎಳೆದುಕೊಂಡಿತು. ಫಿಟ್ಟರ್ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಯಜಮಾನರು ಬಂದು ಚೀಟಿ ಕಿತ್ತುಕೊಂಡರು. ತಾತ ನನ್ನ ಕಡೆ ತಿರುಗಿದರು.

"ಅಮ್ಮಾಯೀ, ನಾನೇನು ತಪ್ಪು ಬರ್ದೆ? ಸ್ವಿಚ್ಚು ಆನ್ ಇತ್ತು, ಆನ್‌ಗೇ ಗೀಟು ಹಾಕ್ದೆ. ನಮ್ಮ ಹಾಳೇಲಿ ಗೀಟು ಬಿದ್ದ ಚೌಕ ಅಂದ್ರೆ ಆ ಎಳೆ ಎತ್ತೋದು. ಬಿಟ್ಟಿದ್ದು ಬ್ಯಾಡ ಅಂತ."

ಅಲ್ಲಿಯವರೆಗೆ ಎಷ್ಟು ಸಲ ಹಾಗೆಯೇ ಹಾಕಿದ್ದರೋ… ಕೈ ಹಾಕುವ ಕೆಲಸ ಬಂದದ್ದು ಅಂದೇ ಮೊದಲು. ಚೀಟಿ ನನ್ನದು, ಓದಿ ಹೇಳಿದವಳೂ ನಾನೇ ಎನ್ನಬೇಕಿತ್ತು. ಯಜಮಾನರು ಎದುರಿಗಿದ್ದರು. ಕೆಲಸ ಸಿಕ್ಕಿ ಇನ್ನೂ ಮೂರು ತಿಂಗಳು. "ಹೊಡೆದದ್ದು ಅಂದ್ರೆ ಇಲ್ಲ ಅಂತ, ತಾತಾ," ಎಂದೆ.

ತಾತ ತಲೆಯಾಡಿಸಿದರು. ಮಾರನೆಯ ದಿನ ಅವರನ್ನು ಚೀಲ ಹೊಲಿಯುವ ಕಡೆಗೆ ಹಾಕಿದರು. ತಿಂಗಳು ತುಂಬುವುದರೊಳಗೆ ಊರಿಗೆ ಹೋದರು, ಮತ್ತೆ ಬರಲಿಲ್ಲ.

ಆ ಮಧ್ಯಾಹ್ನ ಈಗಲೂ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತದೆ. ಕೆಲವು ಸಲ ತಾತ ಬಾಗಿಲಿಗೆ ಬರುವುದು ತಡವಾಗುತ್ತದೆ…

ನಿನ್ನೆ ಮೊಳಕಾಲ್ಮೂರಿಗೆ ಹೋಗಿದ್ದೆ. ತಾತ ತೀರಿಕೊಂಡು ಎರಡು ವರ್ಷವಾಯಿತಂತೆ. ಅವರ ಹೆಂಡತಿ ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡದೆ. ಅವರು ರಾಟೆ ನಿಲ್ಲಿಸಿದರು.

"ಮಿಲ್ಲಿಂದ ಬಂದಮೇಲೆ ನಮ್ಮನೆಯೋರು ಒಂದು ಡಿಜೈನೂ ಬರೀಲಿಲ್ಲಮ್ಮಾ. ನಾನು ಎಳೆದ ಗೀಟು ಯಾರ ಕೈ ತೆಗೀತೈತೋ ಅನ್ನೋರು."

ಅದಾದ ಮೇಲೆ ಹತ್ತು ವರ್ಷ ಅವರು ಬದುಕಿದ್ದರು. ಚಳ್ಳಕೆರೆಯಿಂದ ಅಲ್ಲಿಗೆ ಒಂದೇ ಬಸ್ಸಿನ ದಾರಿ.