ಬಾರ್ಟ್ಲಿ ನೆಟ್ಟ ಕಲ್ಲು

ನಮ್ಮ ಪಕ್ಕದ ಮನೆಯ ಬಾರ್ಟ್ಲಿ ಹೆಶನ್‌ಗೆ ತಲೆ ಅರ್ಧ ನರೆತ ಮೇಲೆ ಕಂಕಣಬಲ ಕೂಡಿಬಂತು. ಹೆಣ್ಣು, ಪೇಟೆಯಲ್ಲಿ ಬೇಕರಿ ನಡೆಸುವ ಡಿಂಫ್ನಾ. ಅವಳದು ಒಂದೇ ಷರತ್ತು: ಬ್ರೆಡ್ಡು ಸಾಗಿಸುವ ತನ್ನ ವ್ಯಾನು ಮನೆ ಬಾಗಿಲವರೆಗೆ ಬರಬೇಕು. ಬರುವ ದಾರಿ ಒಂದೇ, ಅದರ ನಟ್ಟನಡುವೆ ಎದೆಯೆತ್ತರದ ಕಲ್ಲು.

ನಮ್ಮ ಮೇಯೋ ಸೀಮೆಯಲ್ಲಿ ನೆಟ್ಟ ಕಲ್ಲಿಗೇನು ಬರವೇ? ಗುಡ್ಡದ ಮೇಲೆ ಯಾವ ಕಾಲದವರೋ ಕಟ್ಟಿದ ಕಲ್ಲುಗೋರಿಯೇ ಇದೆ. ಅಂಥದ್ದನ್ನು ಮುಟ್ಟಿದರೆ ಗುಡ್ಡದೊಳಗೆ ಕಣ್ಣಿಗೆ ಬೀಳದೆ ವಾಸಿಸುವ 'ಅವರು' ಸುಮ್ಮನಿರುವುದಿಲ್ಲ. ಯಾರು ಅಂತ ಕೇಳಬೇಡಿ, ಹೆಸರು ಹೇಳಬಾರದು. ಆದರೆ ಬಾರ್ಟ್ಲಿಯ ಕಲ್ಲಿನ ಜಾತಕ ನನಗೆ ಗೊತ್ತು. ನಾವು ಚಿಕ್ಕವರಿದ್ದಾಗ ಅವನಪ್ಪ, ಹಸು ಮೈ ಉಜ್ಜಿಕೊಳ್ಳಲಿ ಅಂತ ನೆಟ್ಟದ್ದು. ಬಾರ್ಟ್ಲಿ ಹಿಡಿದುಕೊಂಡಿದ್ದ, ನಾನು ಮಣ್ಣು ತುಳಿದಿದ್ದೆ.

ಕೀಳಲು ಜೆಸಿಬಿಯ ಫೆಸ್ಟಸ್ ಬಂದ. ಕಲ್ಲು ನೋಡಿದವನೇ ಯಂತ್ರ ಆರಿಸಿದ.

"ನನ್ ಕೈಲಾಗಲ್ಲ ಮಾರಾಯ. ನಮ್ ಸೋದರಮಾವ ಇಂಥದ್ದೊಂದು ಕಿತ್ತು ಬಾಯಿ ಸೊಟ್ಟ ಮಾಡ್ಕೊಂಡ."

"ಅಯ್ಯೋ, ಇದು ನಮ್ಮಪ್ಪ ನೆಟ್ಟಿದ್ದು ಕಣೋ! ನಾನೇ ಹಿಡ್ಕೊಂಡಿದ್ದೆ."

"ಸರಿ. ಇಲ್ಲೇ ನೆಡು ಅಂತ ನಿಮ್ಮಪ್ಪನ ತಲೇಲಿ ತುಂಬಿದ್ದು ಯಾರು?"

ಹಾಳಾದವನು! ಬಾರ್ಟ್ಲಿಯ ತಲೆಗೆ ಹುಳ ಬಿಟ್ಟು, ಚಹಾ ಕುಡಿದು ಹೊರಟೇಹೋದ. ಅಂದಿನಿಂದ ಬಾರ್ಟ್ಲಿ ತಾನೇ ಹಿಡಿದು ನೆಡಿಸಿದ ಕಲ್ಲಿಗೆ ಟೋಪಿ ತೆಗೆಯತೊಡಗಿದ.

"ಹುಚ್ಚಪ್ಪ, ಅದು ನಿನಗಿಂತ ವಯಸ್ಸಲ್ಲಿ ಚಿಕ್ಕದು ಕಣೋ!" ಎಂದು ಬೈದೆ.

"ಹಂಗಾದ್ರೆ ನೀನೇ ಕೀಳು," ಅಂದ.

ನನಗೆ ಆ ವಾರ ಸೊಂಟನೋವು.

ಭಾನುವಾರ ಚರ್ಚು ಮುಗಿಸಿ ಡಿಂಫ್ನಾ ಬಂದಳು. ವ್ಯಾನು ರಸ್ತೆಯಲ್ಲೇ ಬಿಟ್ಟು ಕೆಸರು ತುಳಿದುಕೊಂಡು ಬಂದಳು.

"ಏನ್ರೀ, ದಾರಿ ಆಯ್ತಾ?"

"ಫೆಸ್ಟಸ್ ಒಪ್ತಿಲ್ಲ..."

"ನೀವು?"

ಬಾರ್ಟ್ಲಿ ಕಲ್ಲಿನ ಕಡೆ ತಿರುಗಿ ಟೋಪಿ ತೆಗೆದ.

"ದನ ಬೆನ್ನು ಕೆರ್ಕೊಳ್ಳೋ ಕಲ್ಲಿಗೆ ಇಷ್ಟು ಹೆದರಿಕೆನಾ? ಬಿಡಿ, ನಾನೇ ಕೀಳ್ತೀನಿ. ಆಗದಿದ್ರೆ ವ್ಯಾನ್ ತಿರುಗಿಸ್ಕೊಂಡು ಹೋಗ್ತೀನಿ, ಮತ್ತೆ ಬರಲ್ಲ."

ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಕಲ್ಲಿಗೆ ಹೆಗಲು ಹಚ್ಚಿದಳು.

"ಬೇಡ! ನೀನು ಮುಟ್ಬೇಡ! ಆಗೋದೇನಿದ್ರೂ ನನಗೇ ಆಗ್ಲಿ!" ಎಂದು ಕಿರುಚಿದ ಬಾರ್ಟ್ಲಿ, ಅವಳನ್ನು ಪಕ್ಕಕ್ಕೆ ಸರಿಸಿ ಕಣ್ಣು ಮುಚ್ಚಿ ನೂಕಿದ. ಎಷ್ಟೋ ಹಸುಗಳು ಉಜ್ಜಿ ಉಜ್ಜಿ ಸಡಿಲಾಗಿದ್ದ ಕಲ್ಲು, ಸಲೀಸಾಗಿ ಮಲಗಿತು. ಬಾಯಿ ಸೊಟ್ಟಗಾಯಿತೇನೋ ಅಂತ ಡಿಂಫ್ನಾ ಅವನ ಗಲ್ಲ ಹಿಡಿದು ನೋಡಿದಳು, ಆಮೇಲೆ ಬಿಡಲೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಯಾರಿಗೂ ಹೇಳಬೇಡಿ.

ಏನಾಗುತ್ತದೋ ಎಂದು ಊರೆಲ್ಲ ಕಾದಿತು. ಮದುವೆಯ ದಿನ ಹಸು, ಉಜ್ಜಲು ಕಲ್ಲು ಕಾಣದೆ, ಬಾಗಿಲಲ್ಲಿ ನಿಂತಿದ್ದ ಹೂ ಕಟ್ಟಿದ ವ್ಯಾನಿಗೇ ಮೈ ಉಜ್ಜಿ ಕನ್ನಡಿ ಮುರಿಯಿತು.

"ನಾನು ಹೇಳ್ಲಿಲ್ವಾ? ಕಲ್ಲು ಕಿತ್ತೋರನ್ನ ಅವರು ಸುಮ್ನೆ ಬಿಡಲ್ಲ ಅಂತ!" ಎಂದು ಫೆಸ್ಟಸ್ ಗ್ಲಾಸು ಎತ್ತಿ ಕೂಗಿದ.

ಡಿಂಫ್ನಾ ಗಂಡನ ಕಡೆ ತಿರುಗಿದಳು. "ನಾಳೆನೇ ಬೇಲಿ ಮೂಲೇಲಿ ಆ ಕಲ್ಲು ನೆಡೋಣ. ನೀವು ಹಿಡ್ಕೊಳ್ಳಿ, ಮಣ್ಣು ನಾನು ತುಳೀತೀನಿ. ಇವರು ತುಳಿದಿದ್ದು ಸಾಕು, ಒಂದೇ ನೂಕಿಗೆ ಬಿತ್ತಲ್ಲ," ಎಂದು ನನ್ನ ಕಡೆ ಕೈ ತೋರಿಸಿದಳು.