ಎದುರಾಳಿಯ ಗಾಡಿಗೆ ನಿಂಬೆಹಣ್ಣು

ನನ್ನ ಕೆಲಸ ಗಾಡಿ ಬಿಚ್ಚುವುದು. ಕಾರಲ್ಲ. ರಸ್ತೆಯೇ ಇಲ್ಲದ ಕಡೆ, ಕೆಸರು ಕಲ್ಲುಗಳ ಮೇಲೆ ಓಡಿಸುತ್ತಾರಲ್ಲ, ದಪ್ಪ ಟೈರಿನ ಆಫ್-ರೋಡ್ ಗಾಡಿಗಳು, ಅವು. ಟೆಕ್ಸಾಸ್‌ನಲ್ಲಿ ನಾಲ್ಕು ಎಕರೆ ಜಮೀನಿದ್ದವರ ಮನೆಯಲ್ಲೆಲ್ಲ ಒಂದಾದರೂ ನಿಂತಿರುತ್ತದೆ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ನಮ್ಮ ಕಂಪನಿ. ಬೇರೆಯವರು ಹೊಸದೇನಾದರೂ ಬಿಟ್ಟರೆ ನಾವು ಒಂದನ್ನು ಕೊಂಡು ತಂದು, ಒಂದೊಂದೇ ಬೋಲ್ಟ್ ಕಳಚಿ, ಟೇಬಲ್ ಮೇಲೆ ಹರಡಿ ನೋಡುತ್ತೇವೆ. ನಮ್ಮದನ್ನು ಅವರು ಬಿಚ್ಚುತ್ತಾರೆ. ಇದರಲ್ಲಿ ಕಳ್ಳತನ ಏನೂ ಇಲ್ಲ. ಮೈಸೂರಲ್ಲಿ ನಮ್ಮಮ್ಮ ಪಕ್ಕದ ಮನೆಯ ಸಾರನ್ನು ಇಸ್ಕೊಂಡು, ರುಚಿ ನೋಡಿ, "ಏನೋ ಕಮ್ಮಿ" ಅನ್ನುತ್ತಿದ್ದಳು. ಅಷ್ಟೇ.

ಬಿಚ್ಚುವುದರ ಜೊತೆಗೆ ನಾವೊಂದಷ್ಟು ಜನ ಸೇರಿ ಒಂದು ಗಾಡಿ ಕಟ್ಟುತ್ತಲೂ ಇದ್ದೆವು. ಪುಟ್ಟದು. ಎರಡೇ ಸೀಟು, ಬ್ಯಾಟರಿಯಲ್ಲಿ ಓಡುತ್ತದೆ, ಸದ್ದಿಲ್ಲ, ಮಂಡಿ ನೋವಿನವರೂ ಸಲೀಸಾಗಿ ಹತ್ತಿ ಕೂರಬಹುದು. ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದೆವು. ಮೇಲಿನವರು ಮಾತ್ರ "ನೋಡೋಣ, ಮುಂದಿನ ವರ್ಷ" ಅಂತ ತಳ್ಳುತ್ತಲೇ ಬಂದರು. ಅಷ್ಟರಲ್ಲಿ ಆಸ್ಟಿನ್‌ನ ಡೊಮೇನ್ ಬಡಾವಣೆಯಲ್ಲಿ ಆಫೀಸು ತೆಗೆದಿದ್ದ ಹೊಸ ಕಂಪನಿಯೊಂದು ಥೇಟ್ ಅಂಥದ್ದೇ ಗಾಡಿಯನ್ನು ಮಾರ್ಕೆಟ್ಟಿಗೆ ಬಿಟ್ಟುಬಿಟ್ಟಿತು. ಅದರ ವಿಡಿಯೋ ನೋಡಿ ನನಗೆ ಹೊಟ್ಟೆ ಉರಿಯಬೇಕಿತ್ತು. ಏನೂ ಆಗಲಿಲ್ಲ. ಕಾಫಿ ಮಾಡಿಕೊಂಡು ಕುಡಿದೆ.

ನಮ್ಮ ಬಾಸ್ ಒಳ್ಳೆಯವನೇ, ಮಾತು ನೇರ. "ಅವರ ಗಾಡಿ ಚೆನ್ನಾಗಿದ್ದರೆ ನಿಮ್ಮದನ್ನು ಹೊರಗೆ ತರದೆ ವಿಧಿಯಿಲ್ಲ. ಲಟಾರಿಯಾಗಿದ್ದರೆ ಹಳೆಯ ಮಾಡೆಲ್‌ಗಳ ಬೆಲೆ ಇಳಿಸಿ ಸುಮ್ಮನಿರೋಣ," ಅಂದ. ಕರ್ಮ ನೋಡಿ, ನಮ್ಮ ಗಾಡಿ ಉಳಿಯಬೇಕಾದರೆ ಎದುರಾಳಿಯ ಗಾಡಿ ಚೆನ್ನಾಗಿರಲಿ ಅಂತ ನಾವು ಹಾರೈಸಬೇಕು.

ಅದನ್ನು ಕೊಳ್ಳಲು ನನ್ನನ್ನೇ ಕಳಿಸಿದರು. ಮೊದಲು ಬಂದದ್ದು ಹ್ಯೂಸ್ಟನ್ನಿನ ಅಂಗಡಿಗೆ. ಕಂಪನಿ ಹೆಸರಲ್ಲಿ ಹೋದರೆ ಅನುಮಾನ ಬರುತ್ತದೆ. ಅಲ್ಲೇ ಪಕ್ಕದ ಶುಗರ್ ಲ್ಯಾಂಡಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಅವರ ಮನೆಗೇ ತರಿಸಿಕೊಂಡರಾಯಿತು ಅಂತ ಲೆಕ್ಕ. ಯಾಕೆ ಏನು ಅಂತ ಯಾರಿಗೂ ಹೇಳುವಂತಿರಲಿಲ್ಲ. ಹಾಗಾಗಿ ಗಾಡಿ ಬಂದು ಡ್ರೈವ್‌ವೇನಲ್ಲಿ ಇಳಿದಾಗ ಚಿಕ್ಕಮ್ಮ ಅದು ನನ್ನದೇ ಅಂದುಕೊಂಡರು.

"ಕೊನೆಗೂ ನಿನಗೇ ಅಂತ ಏನೋ ಒಂದು ತಗೊಂಡೆಯಲ್ಲೇ!" ಅಂದವರೇ ಒಳಗೆ ಓಡಿದರು. ಆರತಿ ತಟ್ಟೆ, ತೆಂಗಿನಕಾಯಿ, ಹಿತ್ತಲಿನ ದಾಸವಾಳ ಎಲ್ಲ ಹೊರಗೆ ಬಂತು.

"ಬೇಡ ಚಿಕ್ಕಮ್ಮ, ಸುಮ್ನಿರಿ."

"ನೀನು ಸುಮ್ನಿರು. ಪೂಜೆ ಮಾಡದೆ ಗಾಡಿ ಎತ್ತುತ್ತಾರೇನೇ ಯಾರಾದ್ರೂ?"

ಕುಂಕುಮ ಗಾಳಿಗೆ ಹಾರಬಾರದು ಅಂತ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಎರಡು ದೀಪಕ್ಕೂ ಒಂದೊಂದು, ಬಾನೆಟ್ ಮಧ್ಯಕ್ಕೆ ದೊಡ್ಡದೊಂದು, ಸ್ಟಿಯರಿಂಗಿಗೆ ಇನ್ನೊಂದು ಬೊಟ್ಟು ಇಟ್ಟರು. ಕಾಯಿ ಒಡೆದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಹತ್ತಿಸು," ಅಂದರು. ಎದುರು ಮನೆಯಾತ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡುತ್ತಿದ್ದ. ಬಿಚ್ಚಿ ಹರಡಲಿಕ್ಕೆ ಹೊರಟ ಗಾಡಿಗೆ ಆರತಿ! ನಗಬೇಕೋ ಅಳಬೇಕೋ ಗೊತ್ತಾಗದೆ ಎರಡನ್ನೂ ಬಿಟ್ಟು ಹತ್ತಿಸಿದೆ. ನಿಂಬೆಹಣ್ಣು ಪಚಕ್ ಅಂದವು. ಆಮೇಲೆ ಟ್ರೇಲರಿಗೇರಿಸಿ ಡಲ್ಲಾಸ್ ದಾರಿ ಹಿಡಿದೆ. ಮಧ್ಯೆ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಕಾಣುವ ಕುಂಕುಮವನ್ನೆಲ್ಲ ಒದ್ದೆ ಟಿಶ್ಯೂನಿಂದ ಒರೆಸಿದೆ.

ಬಿಚ್ಚುವ ವಾರ ನಾನಿರಲಿಲ್ಲ. ಬ್ಯಾಟರಿ ಪರೀಕ್ಷೆ ಅಂತ ಆಸ್ಟಿನ್ನಿಗೆ ಅಟ್ಟಿದರು. ಹೋಟೆಲ್ ಕಿಟಕಿ ತೆಗೆದರೆ ಎದುರಿಗೇ ಆ ಹೊಸ ಕಂಪನಿಯ ಬೋರ್ಡು. ದಿನಾ ನೋಡಿದೆ. ಗೋಡೆ ನೋಡಿದ ಹಾಗೆ.

ವಾಪಸ್ ಬಂದ ದಿನವೇ ಮೀಟಿಂಗು. ಪರದೆಯ ಮೇಲೆ ಫೋಟೋ ಹಾಕಿ ಸಹೋದ್ಯೋಗಿಯೊಬ್ಬ ಹೇಳುತ್ತಿದ್ದ: ಹೊಚ್ಚ ಹೊಸ ಗಾಡಿ, ಆಗಲೇ ಸಂದುಗಳಲ್ಲಿ ತುಕ್ಕು. ನೋಡಿದೆ. ಎರಡು ದೀಪಗಳ ಅಂಚಿನಲ್ಲಿ ಕೆಂಪು. ಬಾನೆಟ್ ನಡುವಿನ ಸಂದಿನಲ್ಲಿ ಕೆಂಪು. ಸ್ಟಿಯರಿಂಗಿನ ಮಡಿಕೆಯಲ್ಲಿ ಕೆಂಪು. ಅಯ್ಯೋ ದೇವರೇ! ಪ್ಲಾಸ್ಟಿಕ್ ಸ್ಟಿಯರಿಂಗು ತುಕ್ಕು ಹಿಡಿಯುತ್ತದೇನ್ರಯ್ಯಾ, ಇಷ್ಟೊಂದು ಜನ ಎಂಜಿನಿಯರುಗಳಿದ್ದೀರಿ! ಎದ್ದು ನಿಂತೆ. "ಅದು ತುಕ್ಕಲ್ಲ. ನಮ್ಮ ಚಿಕ್ಕಮ್ಮ ಪೂಜೆ ಮಾಡಿ ಇಟ್ಟ ಕುಂಕುಮ. ಎಣ್ಣೆ ಜೊತೆ ಇಳಿದಿದೆ. ಗಾಡಿ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ."

ಎಲ್ಲರೂ ನಕ್ಕರು. ಬಾಸೂ ನಕ್ಕ, ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದ. ಆ ಫೋಟೋ ತೆಗೆದು ಹಾಕಿಸಿದ. ಆದರೆ ತುಕ್ಕಿನ ಸುದ್ದಿ ಆಗಲೇ ಮೇಲೆ ಹೋಗಿತ್ತು, ನಮ್ಮ ಪುಟ್ಟ ಗಾಡಿ ಬೇಡ ಅಂತ ತೀರ್ಮಾನವೂ ಆಗಿತ್ತು, ಬೆಲೆ ಇಳಿಕೆ ಅಂಗಡಿಯವರಿಗೆಲ್ಲ ತಿಳಿಸಿಯೂ ಆಗಿತ್ತು. ಫೋಟೋ ಹೋಯಿತು. ತೀರ್ಮಾನ ಹಾಗೇ ಉಳಿಯಿತು.

ನಮ್ಮ ಹಳೆಯ ಗಾಡಿಗೆ ಕಿತ್ತಳೆ ಬಣ್ಣ ಬಳಿದು, ಕಪ್ ಇಡಲು ಇನ್ನೊಂದು ಜಾಗ ಕೊಟ್ಟು, ಸ್ಪೆಷಲ್ ಎಡಿಷನ್ ಅಂದರು. ಇನ್ನೊಂದು ಹಳೆಯ ಕಂಪನಿಯವರೂ ಅದನ್ನೇ ಮಾಡಿದರು, ಹಸಿರು ಬಣ್ಣದಲ್ಲಿ. ಇಷ್ಟಕ್ಕೆ ನಾವು ಓದಿ ಬಂದದ್ದು. ನನ್ನನ್ನು ಆ ಕಪ್ ಹೋಲ್ಡರಿನ ಕೆಲಸಕ್ಕೇ ಹಾಕಿದರು. ಹೂಂ ಅಂದೆ. ಮಾಡಿದೆ.

ಮಾರಾಟಕ್ಕೆ ಬಿಡದ ಗಾಡಿಯನ್ನು ಕಂಪನಿಯವರು ಇಟ್ಟುಕೊಳ್ಳುವುದಿಲ್ಲ, ಜಜ್ಜಿಸಿಬಿಡುತ್ತಾರೆ. ನಮ್ಮ ಪುಟ್ಟ ಗಾಡಿಯನ್ನು ಒಯ್ಯಲು ಲಾರಿ ಬರುವ ದಿನ ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದರು.

"ಹೇಗಿದೆಯೇ ಗಾಡಿ? ದೃಷ್ಟಿ ಗಿಷ್ಟಿ ಏನೂ ಆಗ್ಲಿಲ್ಲ ತಾನೆ?"

"ಇಲ್ಲ ಚಿಕ್ಕಮ್ಮ. ಚೆನ್ನಾಗಿದೆ."

"ಮತ್ತೆ? ಪೂಜೆ ಮಾಡಿದ್ದಕ್ಕೇ ಕಣೇ."

ಫೋನಿಟ್ಟ ಮೇಲೆ ಹೊಳೆಯಿತು, ಇಷ್ಟು ವರ್ಷದಲ್ಲಿ ನಮ್ಮದಕ್ಕೆ ಯಾರೂ ಒಂದು ಬೊಟ್ಟು ಇಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ. ಆಫೀಸಿನ ಅಡುಗೆಮನೆಗೆ ಹೋದೆ. ನೀರಿಗೆ ಹಿಂಡಿಕೊಳ್ಳಲು ಇಟ್ಟಿದ್ದ ಬುಟ್ಟಿಯಲ್ಲಿ ಒಂದೇ ಒಂದು ನಿಂಬೆಹಣ್ಣು ಉಳಿದಿತ್ತು. ತಂದು ಮುಂದಿನ ಚಕ್ರದ ಕೆಳಗೆ ಇಟ್ಟೆ.

ಫೋರ್ಕ್‌ಲಿಫ್ಟಿನವನು ಬಂದ. ಗಾಡಿಯನ್ನು ಇದ್ದಲ್ಲಿಂದಲೇ ಮೇಲಕ್ಕೆತ್ತಿ, ತಿರುಗಿಸಿ, ಲಾರಿಗೆ ಹಾಕಿಕೊಂಡು ಹೋದ. ಚಕ್ರ ಒಂದು ಸುತ್ತೂ ಉರುಳಲಿಲ್ಲ. ನಿಂಬೆಹಣ್ಣು ನೆಲದ ಮೇಲೆ ಇಟ್ಟ ಹಾಗೇ ಇತ್ತು, ದುಂಡಗೆ, ಹಳದಿಯಾಗಿ. ಬಗ್ಗಿ ಅದನ್ನು ಎತ್ತಿಕೊಂಡೆ. ಅಷ್ಟು ದಿನ ಬಾರದ ಅಳು ಆಗ ಬಂತು. ಥೂ, ಒಂದು ನಿಂಬೆಹಣ್ಣಿಗೆ.